ಕೈ ಖಾಲಿ ಬಿಡುವ ಯಂತ್ರ

ನಿಮ್ಮ ಎರಡೂ ಕೈಗಳು ಇನ್ನು ಮುಂದೆ ನಿಮ್ಮವು ಎಂಬ ಅರ್ಥದ ಮಾತೊಂದು ಆ ಪೆಟ್ಟಿಗೆಯ ಮೇಲೆ ದೊಡ್ಡ ಇಂಗ್ಲಿಷಿನಲ್ಲಿತ್ತು. ಪಕ್ಕದಲ್ಲಿ ಒಬ್ಬ ಹೆಂಗಸಿನ ಚಿತ್ರ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಚಿದ ತಲೆ, ಒಂದು ಕೈಯಲ್ಲಿ ಕಾಫಿಯ ಕಪ್ಪು, ಇನ್ನೊಂದರಲ್ಲಿ ಪುಸ್ತಕ. ಅಂಗಿಯ ಒಳಗೆ ಯಂತ್ರ ಹಾಲು ಹಿಂಡುತ್ತಿದೆಯಂತೆ, ಅವಳ ಮುಖದಲ್ಲಿ ಮಾತ್ರ ಅದರ ಸುಳಿವೇ ಇಲ್ಲ. ಆ ಚಿತ್ರವನ್ನು ಮಾಡಿಸಿದವರು ನಮ್ಮ ಊರು ಇನ್ನಂಜೆಯಲ್ಲಿ ಒಂದು ಬೆಳಗ್ಗೆಯನ್ನೂ ಕಳೆದವರಲ್ಲ. ನನ್ನ ಗಂಡನ ಮನೆಯಲ್ಲಿ ಹೆಂಗಸಿನ ಕೈ ಖಾಲಿ ಕಂಡರೆ ಅದಕ್ಕೆ ಕೂಡಲೇ ಬಾಳೆನಾರು ಬಂದು ಸೇರುತ್ತದೆ.

ನಮ್ಮದು ಮಲ್ಲಿಗೆ ಕಟ್ಟುವ ಮನೆ. ಅಂಗಳದ ಆಚೆ ಸಾಲಾಗಿ ಮಲ್ಲಿಗೆ ಗಿಡಗಳು. ಬೆಳಕು ಹರಿಯುವ ಮೊದಲೇ ಮಾಮಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೊಗ್ಗು ಕೊಯ್ಯಲು ಇಳಿಯುತ್ತಾರೆ. ಮಾಮಿ ಎಂದರೆ ಅತ್ತೆ, ತುಳುವಿನಲ್ಲಿ ನಾವು ಕರೆಯುವುದೇ ಹಾಗೆ. ಕೊಯ್ದ ಮೊಗ್ಗನ್ನು ಜಗಲಿಯಲ್ಲಿ ರಾಶಿ ಹಾಕಿ, ನೀರಲ್ಲಿ ನೆನೆಸಿದ ಬಾಳೆನಾರಿನಿಂದ ಕಟ್ಟಿ, ಚೆಂಡು ಮಾಡಿ, ಹೂವಿನವನ ಬೈಕು ಗೇಟಿನ ಹತ್ತಿರ ಹಾರ್ನ್ ಹಾಕುವುದರೊಳಗೆ ಮುಗಿಸಬೇಕು. ತಡವಾದರೆ ಹೂವು ಮನೆಯಲ್ಲೇ ಅರಳುತ್ತದೆ, ಅರಳಿದ ಮೇಲೆ ಅದು ದೇವರ ಕೋಣೆಗೆ ಬಿಟ್ಟರೆ ಬೇರೆಲ್ಲಿಗೂ ಆಗದು. ಹಾಗಾಗಿ ಬೆಳಗ್ಗೆ ನಮ್ಮ ಮನೆಗೆ ಬಂದ ನೆಂಟರು, ಕರೆಂಟು ಬಿಲ್ಲಿನವರು, ಯಾರೇ ಇರಲಿ, ಜಗಲಿಯಲ್ಲಿ ಕೂತರೆಂದರೆ ಕಟ್ಟಲು ಬರುತ್ತದಾ ಎಂದು ಮಾಮಿ ಒಮ್ಮೆ ಕೇಳಿಯೇ ಕೇಳುತ್ತಾರೆ.

ಈ ಕೆಲಸದಿಂದ ತಪ್ಪಿಸಿಕೊಂಡವರು ಒಬ್ಬರೇ, ನನ್ನ ಗಂಡ. ಮಲ್ಲಿಗೆಯ ವಾಸನೆಗೆ ಅವರಿಗೆ ಸೀನು ಬರುತ್ತದೆ. ರಜೆಯಲ್ಲಿ ಗಲ್ಫಿನಿಂದ ಬಂದಾಗ ಬೆಳಗ್ಗಿನ ಹೊತ್ತು ಜಗಲಿಗೆ ಬಾರದೆ ಅಡಿಗೆಮನೆಯಲ್ಲೇ ಕೂತು ಚಹಾ ಕುಡಿಯುತ್ತಾರೆ. ಹೂ ಕಟ್ಟುವ ಮನೆಯಲ್ಲಿ ಹುಟ್ಟಿ ಹೂವಿಗೇ ಸೀನುವ ಗಂಡಸು ಎಂದು ನಾನು ಎಷ್ಟು ಸಲ ತಮಾಷೆ ಮಾಡಿದ್ದೇನೋ.

ನಾನು ಮಣಿಪಾಲದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಮಗಳು ಹುಟ್ಟಿದ್ದು ನನ್ನ ತಾಯಿಮನೆ ಕಾರ್ಕಳದಲ್ಲಿ. ಮೊದಲ ತಿಂಗಳು ಅವಳು ಎದೆಗೆ ಬಾಯಿ ಹಾಕಲೇ ಇಲ್ಲ. ಅವಳು ಕಿರುಚುವುದು, ನಾನು ಅಳುವುದು, ಅಮ್ಮ ಇಬ್ಬರಿಗೂ ಬೈಯುವುದು, ಹೀಗೇ ದಿನ ಹೋಯಿತು. ಒಂದು ದಿನ ಇದ್ದಕ್ಕಿದ್ದ ಹಾಗೆ, ಇಷ್ಟು ದಿನ ತನಗೆ ಯಾರೂ ಹೇಳಿಯೇ ಇರಲಿಲ್ಲ ಎಂಬಂತೆ, ಬಾಯಿ ಹಾಕಿ ಕುಡಿಯತೊಡಗಿದಳು. ಆ ದಿನದ ಸಂತೋಷ ನನಗೆ ಡಿಗ್ರಿ ಸಿಕ್ಕಿದಾಗಲೂ ಆಗಿರಲಿಲ್ಲ. ಅಷ್ಟು ಕಷ್ಟಪಟ್ಟು ಇಬ್ಬರೂ ಕಲಿತದ್ದನ್ನು ರಜೆ ಮುಗಿಯಿತು ಎಂಬ ಒಂದೇ ಕಾರಣಕ್ಕೆ ಬಿಟ್ಟುಬಿಡಲು ನನ್ನಿಂದ ಆಗುತ್ತಿರಲಿಲ್ಲ. ಕೆಲಸವನ್ನು ಬಿಡಲೂ ಆಗುತ್ತಿರಲಿಲ್ಲ. ಒಂದು ವರ್ಷದವರೆಗಾದರೂ ಅವಳಿಗೆ ನನ್ನ ಹಾಲು ಆಗಬೇಕು, ನನಗೆ ಕೆಲಸವೂ ಇರಬೇಕು, ನನ್ನ ಹಟ ಇಷ್ಟೇ.

ರಜೆ ಮುಗಿಯುವ ಮೊದಲು ಕಾಲೇಜಿಗೆ ಹೋಗಿ ಪ್ರಾಂಶುಪಾಲರನ್ನು ಕಂಡೆ. ಮಧ್ಯಾಹ್ನ ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಬೇಕು, ಲ್ಯಾಬಿನ ಹಿಂದಿನ ಸ್ಟೋರ್ ರೂಮ್ ಆದರೂ ಸಾಕು, ಎಂದೆ. ಯಾಕೆಂದು ಹೇಳಿದಾಗ ಅವರು ಮೇಜಿನ ಮೇಲಿದ್ದ ಪೇಪರ್‌ವೇಟಿನ ಕಡೆ ನೋಡಿದರು. ಅದನ್ನೇ ನೋಡುತ್ತ ಹೇಳಿದರು.

"ಮೇಡಂ, ಈಗ ಬಟ್ಟೆಯ ಒಳಗೇ ಹಾಕಿಕೊಳ್ಳುವಂಥದ್ದು ಬಂದಿದೆಯಂತಲ್ಲ. ನನ್ನ ಸೊಸೆ ಹೇಳ್ತಾ ಇದ್ದಳು. ಕೆಲಸ ಕೆಲಸದ ಪಾಡಿಗೆ, ಅದು ಅದರ ಪಾಡಿಗೆ. ಮತ್ತೆ ರೂಮ್ ಎಂತಕ್ಕೆ?"

ಇದಕ್ಕೆ ಏನು ಹೇಳುವುದೆಂದು ನನಗೆ ಮಣಿಪಾಲದಿಂದ ಉಡುಪಿಗೆ ಬಸ್ಸಿನಲ್ಲಿ ಇಳಿಯುವಾಗ ಹೊಳೆಯಿತು. ಆಗ ಹೊಳೆದು ಪ್ರಯೋಜನವೇನು? ಯಂತ್ರ ಹುಡುಕುವ ಕೆಲಸ ಅಂದೇ ಶುರುವಾಯಿತು.

ಕಣ್ಣಿಂದ ನೋಡಿ ತೆಗೆದುಕೊಳ್ಳೋಣ ಎಂದು ಉಡುಪಿಯಲ್ಲಿ ಮಕ್ಕಳ ಸಾಮಾನಿನ ದೊಡ್ಡ ಅಂಗಡಿಗೆ ಹೋದೆ. ತೊಟ್ಟಿಲು, ನಡೆಯುವ ಗಾಡಿ, ಕಿರುಗುಟ್ಟುವ ಚಪ್ಪಲಿ, ಎಲ್ಲ ಇತ್ತು. ಕೌಂಟರಿನ ಗಂಡಸು ನನ್ನ ಬೇಡಿಕೆ ಕೇಳಿದ್ದೇ ಧ್ವನಿ ತಗ್ಗಿಸಿದರು. ಅವರು ತಗ್ಗಿಸಿದ್ದರಿಂದ ನಾನೂ ತಗ್ಗಿಸಿದೆ. ಇಬ್ಬರೂ ಕಳ್ಳಮಾಲು ಮಾರುವವರ ಹಾಗೆ ಕೌಂಟರಿನ ಮೇಲೆ ಬಗ್ಗಿ ಪಿಸುಗುಟ್ಟತೊಡಗಿದೆವು.

"ಒಳಗೆ ಹಾಕುವಂಥದ್ದಾ? ಎಂತದರ ಒಳಗೆ?"

"ಬಟ್ಟೆಯ ಒಳಗೆ."

"ಯಾರ ಬಟ್ಟೆ? ಮಗುವಿನದ್ದಾ?"

ನನಗೆ ಮೈ ಉರಿಯಿತು. ನನ್ನದೇ ಬಟ್ಟೆ, ನನ್ನದೇ ಹಾಲು ಎಂದು ಗಟ್ಟಿಯಾಗಿಯೇ ಹೇಳಿದೆ. ತೊಟ್ಟಿಲು ನೋಡುತ್ತಿದ್ದ ಒಂದು ಕುಟುಂಬವಿಡೀ ತಿರುಗಿತು. ಅಂಗಡಿಯವರು ಗಾಬರಿಯಿಂದ ಒಳಗೆ ಹೋಗಿ ರಬ್ಬರಿನ ಬುರುಡೆ ಇರುವ, ಹಾರ್ನ್ ಒತ್ತುವ ಹಾಗೆ ಕೈಯಲ್ಲಿ ಒತ್ತಿ ಹಿಂಡುವ ಗಾಜಿನ ಸಾಧನವೊಂದನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡೇ ತಂದರು. ಇದು ಒಂದೇ ಉಂಟು, ಬೇರೆ ಬೇಕಾದರೆ ಲೇಡೀಸ್ ಸ್ಟಾಫ್ ಬಂದ ಮೇಲೆ ಬನ್ನಿ, ಅವರು ಮದುವೆಗೆ ಹೋಗಿದ್ದಾರೆ, ಎಂದರು. ಯಾರ ಮದುವೆ, ಎಷ್ಟು ದಿನದ್ದು ಎಂದು ಕೇಳುವಷ್ಟು ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ.

ಸಂಜೆ ವೀಡಿಯೋ ಕಾಲಿನಲ್ಲಿ ಗಂಡನ ಹತ್ತಿರ ಇದನ್ನೆಲ್ಲ ಹೇಳಿದ್ದೇ ದೊಡ್ಡ ತಪ್ಪಾಯಿತು. ಅವರಿಗೆ ಅಲ್ಲಿ ಸಂಜೆಯ ಮೇಲೆ ಬೇರೆ ಕೆಲಸವಿಲ್ಲ. ನನ್ನ ಎದೆಗೆ ಯಂತ್ರ ಆರಿಸುವುದನ್ನು ಅವರು ಕೈಗೆತ್ತಿಕೊಂಡರು. ಯಾವ ಕಂಪೆನಿಯದ್ದು ಎಷ್ಟು ಜೋರಾಗಿ ಎಳೆಯುತ್ತದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಮೋಟಾರಿಗೆ ಗ್ಯಾರಂಟಿ ಎಷ್ಟು, ಎಲ್ಲ ನೋಡಿ ದಿನಾ ಕಳಿಸುತ್ತಿದ್ದರು. ಸೈಟಿನಲ್ಲಿ ನೀರಿನ ಪಂಪು ಕೂರಿಸುವುದೇ ಅವರ ಕೆಲಸವಾದ್ದರಿಂದ ಎಳೆತ ಜೋರಾದಷ್ಟೂ ಒಳ್ಳೆಯದು ಎಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ.

"ಜೋರು ಎಳೆದರೆ ನೋಯ್ತದೆ ಮಾರಾಯ್ರೆ," ಎಂದೆ.

"ಅದಕ್ಕೆ ರೆಗ್ಯುಲೇಟರ್ ಉಂಟಲ್ವಾ?"

ಪಕ್ಕದಲ್ಲಿ ನಾರು ಸೀಳುತ್ತಿದ್ದ ಮಾಮಿ ತಲೆ ಎತ್ತದೆ ಹೇಳಿದರು. "ಬಾವಿಯ ಪಂಪು ಹಾಳಾಗಿ ಎಷ್ಟು ದಿನ ಆಯ್ತು. ಅದು ಯಾರಿಗೂ ಅರ್ಜೆಂಟ್ ಇಲ್ಲ. ಎದೆಗೆ ಪಂಪು ಬೇಕಂತೆ."

"ಅಮ್ಮ, ಇದು ಬಾಲೆಗೆ ಹಾಲು ಕೊಡುವುದಕ್ಕೆ," ಎಂದರು ಇವರು.

"ನಿನಗೆ ಎಂತ ಯಂತ್ರ ಇತ್ತು?"

"ನನ್ನ ವಿಷಯ ಬಿಡಿ. ನಿಮಗೆ ಹಾಲೇ ಇರಲಿಲ್ಲ. ನಾನು ದನದ ಹಾಲು ಕುಡಿದು ದೊಡ್ಡವನಾದದ್ದು. ನನಗೆ ಎಂತ ಆಗಿದೆ ಈಗ?" ಎಂದು ಫೋನಿನಲ್ಲಿ ತೋಳು ಮಡಿಸಿ ತೋರಿಸಿದರು. ಇದು ಆ ಮನೆಯ ಹಳೆಯ ಮಾತು. ಅಮ್ಮನಿಗೆ ಹಾಲಿರಲಿಲ್ಲ, ಮಗ ದನದ ಹಾಲಿನಲ್ಲೇ ಗಟ್ಟಿಯಾದ. ನೆಂಟರ ಮನೆಯಲ್ಲೂ ಹೇಳುತ್ತಾರೆ, ಮದುವೆಯ ಮಾತುಕತೆಗೆ ಬಂದಾಗಲೂ ಹೇಳಿದ್ದರು. ಮಾಮಿ ಎಂದಿನಂತೆ ಅದಕ್ಕೆ ಉತ್ತರ ಕೊಡದೆ ನಾರನ್ನು ನೀರಿಗೆ ಹಾಕಿದರು.

ಕೊನೆಗೆ ಯಂತ್ರ ನಿರ್ಧಾರವಾಯಿತು. ನಾನು ನಿರ್ಧರಿಸಿದೆ ಎಂದು ಹೇಳಲಾರೆ, ಸುಸ್ತಾಗಿ ಹೂಂ ಎಂದೆ. ಎದೆಗೆ ಕೂರುವ ಬಟ್ಟಲಿನ ಬಾಯಿಗೆ ಬೇರೆ ಬೇರೆ ಅಳತೆ ಇರುತ್ತದೆ, ಅಳೆದು ಹೇಳು ಎಂದು ಅದರಲ್ಲೇ ಬರೆದಿತ್ತಂತೆ. ಅದನ್ನು ನನಗೆ ಕೇಳಲು ಅವರಿಗೆ ನಾಚಿಕೆಯೋ, ಅವಸರವೋ, ಗೊತ್ತಿಲ್ಲ. ಶಾಲೆ ಶುರುವಾಗುವಾಗ ಮಕ್ಕಳಿಗೆ ಯೂನಿಫಾರ್ಮ್ ತೆಗೆಯುವ ಹಾಗೆ ಒಂದು ಸೈಜು ದೊಡ್ಡದೇ ಇರಲಿ ಎಂದು ತೆಗೆದರು. ಸಣ್ಣದಾದರೆ ಏನೂ ಮಾಡಲಾಗದು, ದೊಡ್ಡದಾದರೆ ಹೇಗಾದರೂ ಸುಧಾರಿಸಬಹುದು. ನಮ್ಮ ಊರಿನವರು ಚಪ್ಪಲಿಯಿಂದ ಹಿಡಿದು ನೀರಿನ ಟ್ಯಾಂಕಿನವರೆಗೆ ಕೊಳ್ಳುವುದು ಹೀಗೆಯೇ. ಅಳತೆಯ ವಿಷಯ ನನಗೆ ಗೊತ್ತಾದದ್ದು ಬಹಳ ತಡವಾಗಿ.

ರಜೆಯಲ್ಲಿ ಊರಿಗೆ ಬರುತ್ತಿದ್ದ ಕಾಪುವಿನ ಒಬ್ಬರ ಕೈಯಲ್ಲಿ ಪೆಟ್ಟಿಗೆ ಕಳಿಸಿದರು. ತರಲು ಹೋದರೆ ಅವರ ತಾಯಿ ಆಗಲೇ ಅದನ್ನು ಬಿಚ್ಚಿ, ಎರಡೂ ಬಟ್ಟಲುಗಳನ್ನು ಟಿವಿಯ ಎರಡು ಕಡೆ ಇಟ್ಟಿದ್ದರು. ಹಾಡು ಕೇಳುವ ಸ್ಪೀಕರ್ ಎಂದುಕೊಂಡಿದ್ದರಂತೆ. ಎಷ್ಟು ಒತ್ತಿದರೂ ಪದ್ಯ ಬರುವುದಿಲ್ಲ, ಬರೀ ಗುರುಗುರು ಎನ್ನುತ್ತದೆ, ಹಾಳಾಗಿದೆ ಕಾಣುತ್ತದೆ, ಎಂದು ಬೇಸರದಿಂದ ಕೊಟ್ಟರು. ಮಗ ಮಾತ್ರ ಒಳಗಿನಿಂದ ಹೊರಗೆ ಬರಲೇ ಇಲ್ಲ.

ಗುರುಗುರು ಎನ್ನುವುದು ನಿಜವೇ. ಮೊದಲ ವಾರ ಲ್ಯಾಬಿನಲ್ಲಿ ಅದನ್ನು ಹಾಕಿ, ಮೇಲೆ ಅಗಲದ ಶಾಲು ಹೊದ್ದು ನಿಂತೆ. ಪ್ರೋಗ್ರಾಮ್ ಬರೆಯುವಾಗ ಫೋನು ಮುಟ್ಟಿದರೆ ಹೊರಗೆ ಕಳಿಸುವವಳು ನಾನೇ. ಮುಂದಿನ ಸಾಲಿನ ಹುಡುಗಿ ಕೈ ಎತ್ತಿದಳು.

"ಮೇಡಂ, ನಿಮ್ಮ ಫೋನಿಗೆ ಆಗಿಂದ ಕಾಲ್ ಬರ್ತಾ ಉಂಟು."

"ಬರಲಿ. ನೀನು ನಿನ್ನ ಕೆಲಸ ಮಾಡು," ಎಂದೆ. ಹಿಂದಿನಿಂದ ಯಾರೋ ನಕ್ಕರು. ಆಮೇಲೆ ಅರ್ಧ ಗಂಟೆ ಇಡೀ ತರಗತಿ ನನ್ನ ಫೋನು ಯಾವಾಗ ನಿಲ್ಲುತ್ತದೆ ಎಂದು ಕಾಯುತ್ತಿತ್ತು.

ಅದಕ್ಕಿಂತ ದೊಡ್ಡ ಕಷ್ಟ ಬೇರೆ ಇತ್ತು. ಅದನ್ನು ಹಾಕಿಕೊಂಡು ಬಗ್ಗಬಾರದು, ಬಗ್ಗಿದರೆ ತುಂಬಿದ ಹಾಲು ಚೆಲ್ಲುತ್ತದೆ. ಆದರೆ ಲ್ಯಾಬಿನಲ್ಲಿ ನನ್ನ ಕೆಲಸವೇ ಬಗ್ಗುವುದು. ಒಬ್ಬೊಬ್ಬರ ಹೆಗಲ ಮೇಲಿಂದ ಬಗ್ಗಿ ಸ್ಕ್ರೀನು ನೋಡಿ ತಪ್ಪು ತೋರಿಸಬೇಕು. ನಾನು ಕುತ್ತಿಗೆ ಸೆಟೆದು ನಿಂತು ದೂರದಿಂದಲೇ ಬೆರಳು ತೋರಿಸಿ ಇಲ್ಲಿ, ಅಲ್ಲ, ಅದರ ಕೆಳಗೆ ಎನ್ನುತ್ತಿದ್ದೆ. ಒಂದು ದಿನ ಮರೆತು ಬಗ್ಗಿದೆ. ಬಟ್ಟಲಲ್ಲಿ ಕೂಡಿದ್ದಷ್ಟೂ ಹಾಲು ಚೂಡಿದಾರದ ಒಳಗಿನಿಂದ ಸೊಂಟದವರೆಗೆ ಇಳಿಯಿತು. ಬಾತ್‌ರೂಮಿಗೆ ಹೋಗಿ ಶಾಲಿನಲ್ಲಿ ಒರೆಸಿಕೊಳ್ಳುತ್ತ ಅತ್ತುಬಿಟ್ಟೆ. ದುಃಖಕ್ಕೆ ಅಳುವುದಕ್ಕಿಂತ ಹೆಚ್ಚಾಗಿ ಸಿಟ್ಟಿಗೆ ಅತ್ತೆ.

ಸಿಗುತ್ತಿದ್ದ ಹಾಲಾದರೂ ಎಷ್ಟು? ಬಾಟಲಿಯ ತಳ ಮುಚ್ಚುವಷ್ಟು. ವಾರ ಕಳೆದಂತೆ ಅದೂ ಇಳಿಯಿತು. ಐಸಿನ ಚೀಲದಲ್ಲಿ ಆ ಚೂರು ಹಾಲನ್ನು ಮಡಿಲಲ್ಲಿಟ್ಟು, ಸಂಜೆಯ ಬಸ್ಸಿನಲ್ಲಿ ಜನರ ಮೊಣಕೈಗಳಿಂದ ಅದನ್ನು ಕಾಪಾಡಿಕೊಂಡು ಮನೆಗೆ ತಂದರೆ ಮಾಮಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುವರು. ಏನೂ ಹೇಳದೆ ಫ್ರಿಜ್ಜಿನಲ್ಲಿಡುವರು. ಅವರು ಏನಾದರೂ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಯಂತ್ರವನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ. ತೊಳೆದು ಒಣಗಲು ಇಟ್ಟ ಬಟ್ಟಲುಗಳು ದಾರಿಗೆ ಅಡ್ಡ ಬಂದರೆ ನನ್ನನ್ನು ಕರೆದು ತೆಗೆಸುತ್ತಿದ್ದರು.

ಬೆಳಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಒಂದು ಸಲ ಯಂತ್ರ ಹಾಕಿಕೊಂಡು ಕೂರುತ್ತಿದ್ದೆ. ಅದು ಸರಿಯಾಗಿ ಹೂ ಕಟ್ಟುವ ಹೊತ್ತು. ಮೊದಲ ದಿನ ಜಗಲಿಯ ಮೂಲೆಯಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದೆ. ಮಡಿಲಲ್ಲಿ ಏನೋ ತಣ್ಣಗೆ ಬಿದ್ದಂತಾಗಿ ಕಣ್ಣು ಬಿಟ್ಟರೆ ಒಂದು ಹೆಡಿಗೆ ಮೊಗ್ಗು.

"ಕೈ ಖಾಲಿ ಉಂಟಲ್ವಾ?" ಎಂದರು ಮಾಮಿ.

ಉಂಟು. ಅದೇ ನನ್ನ ಗ್ರಹಚಾರ. ಹಳೆಯ ಬುರುಡೆಯ ಯಂತ್ರವಾಗಿದ್ದರೆ ಒಂದು ಕೈಯಲ್ಲಿ ಒತ್ತುತ್ತ ಕೂತಿದ್ದೇನೆ ಎಂದಾದರೂ ಹೇಳಬಹುದಿತ್ತು. ಇದರಲ್ಲಿ ಕೈ ಖಾಲಿ ಎಂದು ಪೆಟ್ಟಿಗೆಯ ಮೇಲೆಯೇ ಬರೆದಿದೆ, ಪ್ರಾಂಶುಪಾಲರಿಗೂ ಗೊತ್ತು, ಮಾಮಿಗೂ ಗೊತ್ತು. ಪೆಟ್ಟಿಗೆಯ ಮೇಲಿನ ಹೆಂಗಸಿಗೆ ಕಾಫಿ, ನನಗೆ ಮಲ್ಲಿಗೆ. ಎದೆಯಲ್ಲಿ ಗುರುಗುರು, ಕೈಯಲ್ಲಿ ನಾರು, ಕಣ್ಣಲ್ಲಿ ನಿದ್ದೆ, ಒಳಗೆ ತೊಟ್ಟಿಲಲ್ಲಿ ಮಗಳ ಕೂಗು. ಹೀಗೆ ನಾನು ಎಷ್ಟೋ ಚೆಂಡು ಹೂ ಕಟ್ಟಿದ್ದೇನೆ.

ಒಂದು ಭಾನುವಾರ ಅಮ್ಮ ಕಾರ್ಕಳದಿಂದ ವೀಡಿಯೋ ಕಾಲ್ ಮಾಡಿದಳು. ಫೋನನ್ನು ಚೆಂಬಿಗೆ ಒರಗಿಸಿಟ್ಟು ಮಾತಾಡುತ್ತ ಕಟ್ಟುತ್ತಿದ್ದೆ. ಅಮ್ಮ ಮಾತು ನಿಲ್ಲಿಸಿ ಕಿರುಚಿದಳು.

"ಎಂತ ಅದು ಮಡಿಲಲ್ಲಿ? ಮಲ್ಲಿಗೆಯಾ? ತೆಗಿ ಮಗಾ, ಮೊದಲು ತೆಗಿ! ಹಾಲು ಕೊಡುವವರು ಎದೆ ಹತ್ತಿರ ಮಲ್ಲಿಗೆ ಇಟ್ಟುಕೊಳ್ತಾರಾ? ಬತ್ತಿ ಹೋಗ್ತದೆ!"

ಇದು ನಮ್ಮ ಕಡೆಯ ಹೆಂಗಸರೆಲ್ಲ ನಂಬುವ ಮಾತು. ಮಗುವಿಗೆ ಹಾಲು ಬಿಡಿಸಬೇಕಾದಾಗ ಎದೆಗೆ ಮಲ್ಲಿಗೆ ಕಟ್ಟುತ್ತಾರೆ, ಹಾಲು ನಿಲ್ಲುತ್ತದೆ. ನಾನೂ ಚಿಕ್ಕಂದಿನಲ್ಲಿ ಕೇಳಿದ್ದೆ, ನಂಬಿರಲಿಲ್ಲ. ಕಂಪ್ಯೂಟರ್ ಕಲಿಸುವವಳು ಇದನ್ನೆಲ್ಲ ನಂಬುತ್ತಾಳೆಯೇ? ಆದರೆ ಬಾಟಲಿಯ ತಳ ಕಾಣುವ ಹಾಲನ್ನು ದಿನಾ ನೋಡುತ್ತಿದ್ದವಳಿಗೆ ಅಂದು ಆ ಮಾತು ನೆಟ್ಟಗೆ ತಲೆಗೇರಿತು. ಇಷ್ಟು ದಿನ ಹಾಲು ಯಾಕೆ ಇಳಿಯುತ್ತಿದೆ ಎಂದು ಒದ್ದಾಡಿದ್ದೆ. ಕಾರಣ ಮಡಿಲಲ್ಲೇ ಕೂತಿತ್ತು, ಕಾರಣವನ್ನು ತಂದು ಸುರಿಯುತ್ತಿದ್ದವರು ಎದುರಿಗೇ ಕೂತಿದ್ದರು.

ಫೋನಿಟ್ಟು ಹೆಡಿಗೆಯನ್ನು ದೂಡಿದೆ. ಮೊಗ್ಗು ಜಗಲಿಯ ತುಂಬ ಚೆಲ್ಲಿತು.

"ನಿಮಗೆ ಗೊತ್ತಿತ್ತು ಅಲ್ವಾ ಮಾಮಿ? ಹೂ ಕಟ್ಟುವವರಿಗೆ ಇದು ಗೊತ್ತಿಲ್ಲದೆ ಇರ್ತದಾ? ನನ್ನ ಹಾಲು ನಿಂತರೆ ನಿಮಗೆ ಎಂತ ಲಾಭ? ನಿಮಗೆ ಇರಲಿಲ್ಲ ಅಂತ ನನಗೂ ಇರಬಾರದಾ?"

ಕೊನೆಯ ಮಾತು ಬಾಯಿಂದ ಹೊರಟ ಮೇಲೆಯೇ ನನಗೆ ಕೇಳಿಸಿತು. ಮಾಮಿ ಸಿಟ್ಟಾಗುತ್ತಾರೆ ಎಂದುಕೊಂಡೆ. ಸಿಟ್ಟಾಗಲಿ, ಒಂದು ಸಲ ಎಲ್ಲ ಆಗಿಹೋಗಲಿ ಎಂದೂ ಇತ್ತು. ಅವರು ಕೈಯಲ್ಲಿದ್ದ ಗಂಟನ್ನು ಬಿಗಿದು ಮುಗಿಸಿ, ಚೆಲ್ಲಿದ ಮೊಗ್ಗನ್ನು ಒಂದೊಂದಾಗಿ ಹೆಕ್ಕತೊಡಗಿದರು.

"ಮಡಿಲಲ್ಲಿಟ್ಟು ಕಟ್ಟಿದ್ರೆ ಎಂತದೂ ಆಗುದಿಲ್ಲ," ಎಂದರು. "ಹಾಗೆ ಆಗುದಾದ್ರೆ ಈ ಊರಲ್ಲಿ ಒಂದು ಮಗು ದೊಡ್ಡದಾಗ್ತಿರಲಿಲ್ಲ. ಎದೆಗೆ ಕಟ್ಟಬೇಕು. ಹಸಿ ಹೂವನ್ನು ಎರಡು ಬದಿಗೂ ಸುತ್ತಿ, ಮೇಲಿಂದ ಬೈರಾಸು ಬಟ್ಟೆಯಲ್ಲಿ ಉಸಿರು ಕಟ್ಟುವ ಹಾಗೆ ಬಿಗಿಬೇಕು. ಬಾಡಿದ ಮೇಲೆ ತೆಗೆದು ಹೊಸತು ಹಾಕಬೇಕು. ಎದೆ ಕಲ್ಲಿನ ಹಾಗೆ ಆಗ್ತದೆ, ಜ್ವರ ಬರ್ತದೆ. ಆಮೇಲೆ ಹಾಲು ನಿಲ್ತದೆ."

"ನಿಮಗೆ ಹೇಗೆ ಗೊತ್ತು?"

"ಕಟ್ಟಿಕೊಂಡವಳು ನಾನೇ ಅಲ್ವಾ."

ಮಾಮಿಗೆ ಮಾತು ಕಡಿಮೆ. ಅಂದು ಹೇಳಿದ್ದನ್ನೂ ಹೂವು ಹೆಕ್ಕುತ್ತಲೇ ಹೇಳಿದರು, ನನ್ನ ಕಡೆ ನೋಡಲಿಲ್ಲ. ಮಗ ಹುಟ್ಟಿ ಮೂರ್ನಾಲ್ಕು ತಿಂಗಳಾಗಿತ್ತು. ಮಾವನಿಗೆ ಆಗ ಕೆಲಸವಿರಲಿಲ್ಲ. ಕಾರ್ಕಳದ ದಾರಿಯಲ್ಲಿ ಒಂದು ಗೇರುಬೀಜದ ಕಾರ್ಖಾನೆಯಿತ್ತು, ಅಲ್ಲಿ ಬೀಜದ ಸಿಪ್ಪೆ ತೆಗೆಯಲು ಹೆಂಗಸರನ್ನು ತೆಗೆದುಕೊಳ್ಳುತ್ತಿದ್ದರು. ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಮಾಮಿ ಹೋದರು. ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಸಂಜೆಯವರೆಗೆ ಕೂತು ಮಾಡುವ ಕೆಲಸ. ಮಗು ಹಾಲಿಗೆ ಕೂಗುವ ಹೊತ್ತಾಯಿತೆಂದರೆ, ಅಷ್ಟು ದೂರದಲ್ಲಿದ್ದರೂ, ಕುಪ್ಪಸ ಒದ್ದೆಯಾಗುತ್ತಿತ್ತು.

"ಬೀಜಕ್ಕೆ ಪಸೆ ತಾಗಬಾರದು. ತಾಗಿದ್ರೆ ಇಡೀ ತಟ್ಟೆ ಬದಿಗೆ ಹಾಕ್ತಾರೆ. ನನ್ನ ತಟ್ಟೆಗೆ ಹಾಲು ಬಿತ್ತು. ಮೇಸ್ತ್ರಿ ಎಲ್ಲರ ಎದುರು ತಟ್ಟೆ ಎತ್ತಿ ತೋರಿಸಿದ. ನಾಳೆಯಿಂದ ಹೀಗೆ ಬರುವುದಾದ್ರೆ ಬರಬೇಡ ಹೇಳಿದ."

ಅಂದು ಸಂಜೆ ಪಕ್ಕದ ಮನೆಯಿಂದ ಮಲ್ಲಿಗೆ ತಂದರಂತೆ.

"ನನಗೆ ಹಾಲು ಇರಲಿಲ್ಲ ಅಂತ ಹೇಳಿದ್ದು ನಾನೇ," ಎಂದರು. "ಇದ್ದದ್ದನ್ನು ನಿಲ್ಲಿಸಿದೆ ಅಂತ ಹೇಗೆ ಹೇಳುದು? ಇವನು ಮಡಿಲಲ್ಲಿ ಮಲಗಿ ಹುಡುಕುತ್ತಿದ್ದ. ಬೈರಾಸಿಗೆ ಮೂಗು ಉಜ್ಜುತ್ತಿದ್ದ. ಹೂವಿನ ವಾಸನೆ ತಲೆಗೆ ಹೋಗಿ ಸೀನು ಬರ್ತಿತ್ತು ಅವನಿಗೆ. ಸೀನುವುದು, ಕೂಗುವುದು. ಮತ್ತೆ ಹುಡುಕುವುದು."

ಎಲ್ಲದಕ್ಕೂ ತಿರುಗಿ ಮಾತು ಕೊಡುವವಳು ನಾನು, ನೆಲದಲ್ಲಿ ಉಳಿದಿದ್ದ ಮೊಗ್ಗು ಹೆಕ್ಕತೊಡಗಿದೆ.

"ಗಿಡ ಹಾಕಿದ್ದು ಆಮೇಲೆ," ಎಂದರು ಮಾಮಿ. "ಇನ್ನೊಂದು ಹುಟ್ಟುವ ಮೊದಲು. ಮನೆಯಲ್ಲೇ ಕೂತು ಮಾಡುವ ಕೆಲಸ ಇದೊಂದೇ ಅಲ್ವಾ. ಇವನ ತಂಗಿಗೆ ಎರಡು ವರ್ಷ ಕೊಟ್ಟಿದ್ದೇನೆ, ಈ ಜಗಲಿಯಲ್ಲಿ ಹೂ ಕಟ್ಟಿಕೊಂಡೇ."

ಹೂವಿನವನ ಹಾರ್ನ್ ಕೇಳಿಸಿತು. ಅವರು ಕಟ್ಟಿದಷ್ಟನ್ನು ಬಾಳೆಲೆಯಲ್ಲಿ ಸುತ್ತಿ ಗೇಟಿಗೆ ಹೋದರು. ಅಂದು ಹೂವು ಕಡಿಮೆ ಇತ್ತು, ಯಾಕೆಂದು ಅವನು ಕೇಳಿರಬೇಕು. ಮಗುವಿಗೆ ಹುಷಾರಿಲ್ಲ ಎಂದು ಮಾಮಿ ಹೇಳಿದ್ದು ಕೇಳಿಸಿತು.

ನಾನು ಒಳಗೆ ಹೋಗಿ, ಇಷ್ಟು ದಿನ ಓದದೆ ಬಿಟ್ಟಿದ್ದ ಯಂತ್ರದ ಪುಸ್ತಿಕೆಯನ್ನು ಮೊದಲಿನಿಂದ ಓದಿದೆ. ಬಾಯಿಯ ಅಳತೆ ದೊಡ್ಡದಾದರೆ ಹಾಲು ಸರಿಯಾಗಿ ಇಳಿಯುವುದಿಲ್ಲ, ದಿನ ಕಳೆದಂತೆ ಕಡಿಮೆಯೂ ಆಗಬಹುದು ಎಂದು ಚಿತ್ರ ಸಮೇತ ಬರೆದಿತ್ತು. ಬಾಗಿಲು ಹಾಕಿ ಸ್ಕೇಲು ಹಿಡಿದು ಅಳೆದೆ. ನನಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಮಲ್ಲಿಗೆಯೂ ಅಲ್ಲ, ಅಮ್ಮ ಹೇಳಿದ್ದೂ ಅಲ್ಲ. ಒಂದು ಸೈಜು ದೊಡ್ಡದಿರಲಿ ಎಂಬ ನಮ್ಮ ಊರಿನ ಜಾಣತನ ನನ್ನ ಹಾಲಿಗೆ ಕಲ್ಲು ಹಾಕಿತ್ತು. ನಾನು ಅದಕ್ಕೆ ಯಾರನ್ನು ಏನೆಲ್ಲ ಅಂದೆ! ಒಳಗೆ ಕೂರಿಸುವ ಸಣ್ಣ ಸಿಲಿಕಾನ್ ಉಂಗುರಗಳು ಸಿಗುತ್ತವೆ ಎಂದಿತ್ತು. ಗಂಡನಿಗೆ ಹೇಳದೆ ನಾನೇ ಅಳತೆ ಹಾಕಿ ತರಿಸಿದೆ.

ಸೋಮವಾರ ಕಾಲೇಜಿಗೆ ಹೋದವಳು ನೇರ ಪ್ರಾಂಶುಪಾಲರ ಕೋಣೆಗೆ ನುಗ್ಗಿದೆ. ಅವರು ಪೇಪರ್‌ವೇಟಿನ ಕಡೆ ನೋಡುವ ಮೊದಲೇ ಅದನ್ನು ಎತ್ತಿ ಬದಿಗಿಟ್ಟೆ. ಒಳಗೆ ಹಾಕುವ ಯಂತ್ರ ತಂದಿದ್ದೇನೆ ಸರ್, ಹಾಕಿಯೂ ನೋಡಿದ್ದೇನೆ, ಆದರೂ ನನಗೆ ಸ್ಟೋರ್ ರೂಮಿನ ಕೀ ಬೇಕು, ಎಂದೆ.

"ಅದರಲ್ಲಿ ಕೈ ಖಾಲಿ ಇರ್ತದೆ ಅಲ್ವಾ ಮೇಡಂ?"

"ಇರ್ತದೆ ಸರ್. ನನ್ನ ಕೈ ಖಾಲಿ ಇದ್ದದ್ದಕ್ಕೆ ನಿಮಗೆ ಎಂತ ತೊಂದರೆ?"

ನನ್ನ ಧ್ವನಿ ಎಷ್ಟು ಏರಿತ್ತೋ ಗೊತ್ತಿಲ್ಲ, ಹೊರಗೆ ಕ್ಲರ್ಕು ಟೈಪು ಮಾಡುವುದನ್ನು ನಿಲ್ಲಿಸಿದ್ದ. ಕೀ ಸಿಕ್ಕಿತು. ಹಾಳಾದ ಮಾನಿಟರುಗಳು, ಹಳೆಯ ಕೀಬೋರ್ಡುಗಳ ರಾಶಿಯ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡೆ. ಉಂಗುರಗಳು ಬಂದ ಮೇಲೆ ಹಾಲು ಮೆಲ್ಲಗೆ ಏರಿತು. ಮೊದಲಿನಷ್ಟು ಅಲ್ಲ, ಅರ್ಧ ಬಾಟಲಿ. ಜೊತೆಗೆ ಮಗಳು ರಾಗಿ ಮಣ್ಣಿ ಎಂಬ ಗಟ್ಟಿ ಗಂಜಿ ತಿನ್ನಲು ಕಲಿತಳು. ಅವಳಿಗೆ ಸಾಕಾಗುತ್ತಿತ್ತು, ನನಗೂ.

ಆಮೇಲಿನ ಒಂದು ರಜೆಯ ದಿನ ಬೆಳಗ್ಗೆ ಜಗಲಿಯಲ್ಲಿ ಯಂತ್ರ ಹಾಕಿಕೊಂಡು ಕೂತಿದ್ದಾಗ ಗಂಡನ ವೀಡಿಯೋ ಕಾಲ್ ಬಂತು. ತಾನು ಆರಿಸಿದ ಯಂತ್ರ ಈಗ ಚೆನ್ನಾಗಿ ನಡೆಯುತ್ತಿದೆ ಎಂದು ಅವರಿಗೆ ಖುಷಿಯೋ ಖುಷಿ. ಹೇಳಿದ್ದೆನಲ್ಲ, ಎಳೆತ ಜೋರು ಬೇಕು ಅಂತ, ಎಂದರು. ಸೈಜಿನ ವಿಷಯಕ್ಕೆ ಸರಿಯಾಗಿ ನಾಲ್ಕು ಮಾತು ಕೊಡಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಮಗಳನ್ನು ಮಡಿಲಲ್ಲಿಟ್ಟುಕೊಂಡಿದ್ದ ಮಾಮಿಯ ಕಡೆ ತಿರುಗಿದರು.

"ನೋಡಿ ಅಮ್ಮ, ನಿಮ್ಮ ಕಾಲದಲ್ಲಿ ಇಂಥದ್ದು ಇದ್ದಿದ್ದರೆ! ಅಲ್ಲ, ಇದ್ದರೂ ಎಂತ ಪ್ರಯೋಜನ, ನಿಮಗೆ ಹಾಲೇ ಇರಲಿಲ್ಲವಲ್ಲ."

ಇಷ್ಟು ದಿನ ಈ ಮಾತಿಗೆ ಮಾಮಿ ಉತ್ತರ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ಅಂದು ಅವರು ಫೋನಿನ ಕಡೆ ನೋಡಿ ಹೇಳಿದರು.

"ಹೌದು ಮಗಾ. ಇರಲಿಲ್ಲ."

ಇವರು ನಕ್ಕು, ಕೆಲಸಕ್ಕೆ ಹೊತ್ತಾಯಿತು ಎಂದು ಫೋನಿಟ್ಟರು. ಯಂತ್ರ ನಿಂತಿತು. ಬಟ್ಟಲುಗಳನ್ನು ತೆಗೆದು ಹಾಲನ್ನು ಬಾಟಲಿಗೆ ಸುರಿದೆ. ಮಾಮಿ ಮಗಳನ್ನು ಚಾಪೆಯಲ್ಲಿ ಮಲಗಿಸಿ ಎದ್ದು ಬಂದು, ಎಂದೂ ಮುಟ್ಟದಿದ್ದ ಆ ಬಟ್ಟಲುಗಳನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಬಿಸಿನೀರಲ್ಲಿ ಅಲ್ವಾ ತೊಳೆಯುವುದು?"

ಹೌದು ಎಂದೆ. ಹೂ ಕಟ್ಟೋಣ ಎಂದು ಹೆಡಿಗೆಯ ಕಡೆ ಕೈ ಚಾಚಿದೆ. ಅವರು ಅದನ್ನು ಕಾಲಿನಿಂದ ಮೆಲ್ಲಗೆ ಆಚೆ ಸರಿಸಿದರು.

"ಬೇಡ. ಕೈ ಖಾಲಿ ಇರಲಿ. ಸುಮ್ಮನೆ ಕೂತುಕೋ," ಎಂದು ಬಟ್ಟಲುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಡಿಗೆಮನೆಗೆ ಹೋದರು.